ಹಣ್ಣು ತಳಕ್ಕಿಳಿಯದ ಬೆರಿ ಕೇಕ್

ಸಾದಾ ವೆನಿಲಾ ಕೇಕನ್ನು ಮನೆಯಲ್ಲಿ ನಾಲ್ಕಾರು ಬಾರಿ ಹದವಾಗಿ ತೆಗೆದವರು ಅದೇ ಹಿಟ್ಟಿಗೆ ಒಂದು ಹಿಡಿ ಸ್ಟ್ರಾಬೆರಿ ಸೇರಿಸಿ ನೋಡುವುದು ಸಹಜ. ಹಾಗೆ ಸೇರಿಸಿದಾಗ ಬಹುಮಟ್ಟಿಗೆ ಎಲ್ಲರಿಗೂ ಎದುರಾಗುವ ತೊಂದರೆ ಒಂದೇ ಬಗೆಯದು: ಮೇಲ್ಭಾಗವು ಹೊಂಬಣ್ಣಕ್ಕೆ ತಿರುಗಿ ಬೆಂದಂತೆ ಕಂಡರೂ, ಕತ್ತರಿಸಿದಾಗ ಹಣ್ಣಿನ ತುಂಡುಗಳೆಲ್ಲ ತಳದಲ್ಲಿ ಪದರವಾಗಿ ಕುಳಿತಿರುತ್ತವೆ, ಅವುಗಳ ಸುತ್ತಲಿನ ಹಿಟ್ಟು ಹಸಿಯಾಗಿ ಚಾಕುವಿಗೆ ಅಂಟಿಕೊಳ್ಳುತ್ತದೆ, ಕೆಂಪಾಗಿರಬೇಕಾದ ಹಣ್ಣು ಬೂದು ಬಣ್ಣಕ್ಕೆ ಇಳಿದಿರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸ್ಟ್ರಾಬೆರಿ ಡಬ್ಬಿಗಳು ಬನಶಂಕರಿ, ಜಯನಗರ ನಾಲ್ಕನೇ ಬ್ಲಾಕ್ ಮತ್ತು ಗಾಂಧಿ ಬಜಾರಿನ ಹಣ್ಣಿನಂಗಡಿಗಳಲ್ಲಿ ಕಾಣಿಸಿಕೊಳ್ಳುವ ಕಾಲದಲ್ಲಿ ಕುಮಾರಸ್ವಾಮಿ ಲೇಔಟಿನಂಥ ಬಡಾವಣೆಗಳ ಅಡುಗೆಮನೆಗಳಲ್ಲಿ ಈ ತೊಂದರೆ ಮರುಕಳಿಸುತ್ತಿದ್ದು, ಅದರ ಹೊಣೆಯನ್ನು ಸಾಮಾನ್ಯವಾಗಿ ಓವನ್ನಿನ ಮೇಲೋ ಮಾಡಿದವರ ಕೈಗುಣದ ಮೇಲೋ ಹೊರಿಸಲಾಗುತ್ತದೆ. ವಾಸ್ತವವಾಗಿ ಇದಕ್ಕೆ ಕಾರಣ ಹಣ್ಣಿನೊಳಗಿನ ನೀರು. ಆ ನೀರು ಯಾವಾಗ, ಎಷ್ಟು, ಎಲ್ಲಿಗೆ ಬಿಡುಗಡೆಯಾಗುತ್ತದೆ ಎಂಬುದನ್ನು ಅರಿತುಕೊಂಡರೆ ಇದೇ ಓವನ್ನಿನಲ್ಲಿ, ಇದೇ ಕೈಯಿಂದ ಒಳ್ಳೆಯ ಬೆರಿ ಕೇಕ್ ಮಾಡಬಹುದು.

ಬೆರಿ ಎಂಬ ಹೆಸರು ಮತ್ತು ಈ ಸೀಮೆಯ ಹಣ್ಣುಗಳು

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರಿ ಎಂದರೆ ಒಂದೇ ಅಂಡಾಶಯದಿಂದ ಬೆಳೆದು, ಒಳಗೆ ಬೀಜಗಳನ್ನು ಹುದುಗಿಸಿಕೊಂಡ ತಿರುಳುಹಣ್ಣು. ಈ ಅರ್ಥದಲ್ಲಿ ದ್ರಾಕ್ಷಿಯೂ ಟೊಮೆಟೊವೂ ಬೆರಿಗಳಾಗುತ್ತವೆಯೇ ಹೊರತು ಸ್ಟ್ರಾಬೆರಿಯಾಗಲಿ, ಹೂಗೊಂಚಲೊಂದು ಒಟ್ಟಾಗಿ ಹಣ್ಣಾಗುವ ಹಿಪ್ಪುನೇರಳೆಯಾಗಲಿ ಬೆರಿಗಳಲ್ಲ. ಅಡುಗೆಮನೆ ಈ ವರ್ಗೀಕರಣವನ್ನು ಅನುಸರಿಸುವುದಿಲ್ಲ. ಮೆತ್ತಗಿರುವ, ಸಿಪ್ಪೆ ಸುಲಿಯದೆ ತಿನ್ನಬಹುದಾದ, ಹುಳಿಸಿಹಿ ರಸವುಳ್ಳ ಸಣ್ಣ ಹಣ್ಣುಗಳೆಲ್ಲ ಅಲ್ಲಿ ಬೆರಿಗಳೇ.

ದಕ್ಷಿಣ ಬೆಂಗಳೂರಿನವರಿಗೆ ಇವುಗಳಲ್ಲಿ ಅತ್ಯಂತ ಸಮೀಪದ್ದು ಹಿಪ್ಪುನೇರಳೆ ಹಣ್ಣು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 1948ರಲ್ಲಿ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಬಿಟಿಎಂ ಲೇಔಟಿನಲ್ಲಿದ್ದು, ಸಿಲ್ಕ್ ಬೋರ್ಡ್ ಎಂದು ಊರೆಲ್ಲ ಕರೆಯುವ ಜಂಕ್ಷನ್ನಿಗೆ ಹೆಸರು ಬಂದದ್ದು ಅದರಿಂದಲೇ. ಕುಮಾರಸ್ವಾಮಿ ಲೇಔಟಿನ ಪಕ್ಕದಲ್ಲೇ ಹಾದುಹೋಗುವ ಕನಕಪುರ ರಸ್ತೆಯಾದರೋ ನೇರವಾಗಿ ಕನಕಪುರದ ಕಡೆಯ ರೇಷ್ಮೆ ಸೀಮೆಗೆ ಕರೆದೊಯ್ಯುತ್ತದೆ. ಅಲ್ಲಿನ ತೋಟಗಳಲ್ಲಿ ಗಿಡವನ್ನು ಸೊಪ್ಪಿಗಾಗಿ ಮತ್ತೆ ಮತ್ತೆ ಕಟಾವು ಮಾಡುವುದರಿಂದ ಹಣ್ಣು ವಿರಳ. ಆದರೆ ಬದುವಿನ ಮೇಲೆ ಮರವಾಗಲು ಬಿಟ್ಟ ಗಿಡಗಳಲ್ಲಿ ಮತ್ತು ನಗರದ ಮನೆಗಳ ಕಾಂಪೌಂಡಿನೊಳಗೆ ಬೆಳೆದ ಮರಗಳಲ್ಲಿ ಅದು ಗೊಂಚಲು ಗೊಂಚಲಾಗಿ ಬಿಡುತ್ತದೆ. ಕಿತ್ತ ಮರುದಿನವೇ ರಸ ಸೋರತೊಡಗುವ ಈ ಹಣ್ಣು ಅಂಗಡಿಗೆ ಬರುವುದು ಕಡಿಮೆಯಾದ್ದರಿಂದ, ಸಿಕ್ಕ ದಿನವೇ ಕೇಕಿಗೆ ಬಳಸುವುದು ಅದಕ್ಕೆ ಸಲ್ಲಿಸಬಹುದಾದ ಅತ್ಯುತ್ತಮ ಗೌರವ.

ಕಪ್ಪಾಗಿ ಕಳಿತ ಹಿಪ್ಪುನೇರಳೆಯ ನಡುವೆ ಹಸಿರು ನಾರಿನಂಥ ತೊಟ್ಟೊಂದು ತುದಿಯವರೆಗೂ ಹಾದುಹೋಗಿರುತ್ತದೆ. ಅದನ್ನು ಎಳೆದರೆ ಹಣ್ಣು ನಡುವೆಯೇ ಸೀಳಿ ರಸವೆಲ್ಲ ಬೆರಳಿಗಿಳಿಯುವುದರಿಂದ, ಸಣ್ಣ ಕತ್ತರಿಯಿಂದ ತೊಟ್ಟನ್ನು ಹಣ್ಣಿನ ಬುಡಕ್ಕೆ ಸಮವಾಗಿ ಕತ್ತರಿಸಿ ಒಳಗಿನ ಭಾಗವನ್ನು ಹಾಗೆಯೇ ಬಿಡುವುದು ಲೇಸು. ಬೆಂದ ಮೇಲೆ ಅದು ನಾಲಿಗೆಗೆ ತಾಗುವುದಿಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬಳಸಬಯಸುವವರು ಪ್ರತಿ ಹಣ್ಣನ್ನೂ ಸೀಳಿ ಬೀಜ ತೆಗೆಯುವ ತಾಳ್ಮೆ ಹೊಂದಿರಬೇಕು. ಪರಿಮಳದ ದೃಷ್ಟಿಯಿಂದ ಆ ಶ್ರಮ ಸಾರ್ಥಕವೇ ಆಗಿದೆ.

ನೀರಿನ ಲೆಕ್ಕ

ಬೆಂಗಳೂರಿನ ಬೇಕರಿ ಪರಂಪರೆ ಹಳೆಯದು. 1898ರಲ್ಲಿ ಎಚ್. ಎಸ್. ತಿರುಮಲಾಚಾರ್ ಅವರು ಚಿಕ್ಕಪೇಟೆಯಲ್ಲಿ ಆರಂಭಿಸಿದ ಬಿ. ಬಿ. ಬೇಕರಿಯಿಂದ ಮೊದಲ್ಗೊಂಡು ಇಂದು ಬೀದಿಗೊಂದರಂತಿರುವ ಅಯ್ಯಂಗಾರ್ ಬೇಕರಿಗಳವರೆಗೆ ಕೇಕಿನಲ್ಲಿ ಹಣ್ಣೆಂದರೆ ಬಹುತೇಕ ಟೂಟಿ ಫ್ರೂಟಿಯೇ, ಅಂದರೆ ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸಿದ ಪರಂಗಿಕಾಯಿಯ ತುಂಡುಗಳೇ. ಈ ಆಯ್ಕೆಯ ಹಿಂದೆ ಅಗ್ಗದ ಬೆಲೆಯ ಜೊತೆಗೆ ಒಂದು ತಾಂತ್ರಿಕ ಕಾರಣವೂ ಇದೆ: ಪಾಕದಲ್ಲಿ ನೆನೆದ ತುಂಡಿನಲ್ಲಿ ಉಳಿದಿರುವ ಅಲ್ಪ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿಟ್ಟುಕೊಂಡಿರುವುದರಿಂದ ಅದು ಹಿಟ್ಟಿಗೆ ನೀರು ಬಿಡುವುದಿಲ್ಲ, ಕೇಕ್ ಬೇಗ ಕೆಡುವುದೂ ಇಲ್ಲ. ತಾಜಾ ಸ್ಟ್ರಾಬೆರಿಯಲ್ಲಾದರೋ ತೂಕದ ನೂರಕ್ಕೆ ಸುಮಾರು 90ರಷ್ಟು ನೀರೇ ಇದ್ದು, ಹಿಪ್ಪುನೇರಳೆಯಲ್ಲಿ 88ರಷ್ಟು ಮತ್ತು ಬ್ಲೂಬೆರಿಯಲ್ಲಿ 84ರಷ್ಟು ಇರುತ್ತದೆ. ಆದ್ದರಿಂದ 150 ಗ್ರಾಂ ಸ್ಟ್ರಾಬೆರಿ ಹಾಕುವುದೆಂದರೆ ಅರ್ಧ ಲೋಟಕ್ಕೂ ಹೆಚ್ಚು ನೀರನ್ನು ಪುಟ್ಟ ಪುಟ್ಟ ಚೀಲಗಳಲ್ಲಿ ಕಟ್ಟಿ ಹಿಟ್ಟಿನೊಳಗೆ ಹುದುಗಿಸಿದಂತೆ.

ಬಿಸಿ ತಾಗಿದಾಗ ಈ ಚೀಲಗಳು, ಎಂದರೆ ಹಣ್ಣಿನ ಜೀವಕೋಶಗಳ ಗೋಡೆಗಳು, ಕುಸಿದು ನೀರನ್ನು ಹೊರಬಿಡುತ್ತವೆ. ಅದೇ ಹೊತ್ತಿಗೆ ಹಿಟ್ಟಿನೊಳಗೂ ಒಂದು ಬದಲಾವಣೆ ನಡೆಯುತ್ತಿರುತ್ತದೆ. ಕೇಕಿನ ಹಿಟ್ಟು ಓವನ್ನಿಗೆ ಹೋದೊಡನೆ ಗಟ್ಟಿಯಾಗುವುದಿಲ್ಲ. ಮೊದಲ ಹಂತದಲ್ಲಿ ಜಿಡ್ಡು ಕರಗಿ, ಸಕ್ಕರೆ ಪೂರ್ತಿಯಾಗಿ ಕರಗಿ, ಅದು ಇನ್ನಷ್ಟು ತೆಳ್ಳಗಾಗುತ್ತದೆ, ಆಮೇಲಷ್ಟೇ ಮೈದಾದ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಪ್ರೋಟೀನಿನೊಂದಿಗೆ ಸೇರಿ ಗೂಡು ಕಟ್ಟುತ್ತವೆ. ಹಣ್ಣು ತಳಕ್ಕಿಳಿಯುವುದು ಈ ನಡುವಿನ ಅವಧಿಯಲ್ಲಿ. ಹಿಟ್ಟು ಆರಂಭದಲ್ಲೇ ದೋಸೆ ಹಿಟ್ಟಿನಷ್ಟು ತೆಳ್ಳಗಿದ್ದರೆ ಯಾವ ಉಪಾಯವೂ ಹಣ್ಣನ್ನು ಹಿಡಿದು ನಿಲ್ಲಿಸಲಾರದು. ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಉದ್ದಿನ ವಡೆಯ ಹಿಟ್ಟಿಗಿಂತ ತುಸು ಸಡಿಲವಾಗಿ, ಚಮಚವನ್ನು ಓರೆ ಮಾಡಿದಾಗ ಹರಿಯದೆ ಮುದ್ದೆಯಾಗಿ ಬೀಳುವ ಹದದಲ್ಲಿದ್ದರೆ ಸಣ್ಣ ತುಂಡುಗಳು ಇದ್ದಲ್ಲೇ ನಿಲ್ಲುತ್ತವೆ.

ಹಣ್ಣಿಗೆ ಮೈದಾ ಹೊರಳಿಸಿದರೆ ಮುಳುಗುವುದಿಲ್ಲ ಎಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಇದರಲ್ಲಿ ಸತ್ಯಾಂಶ ಸ್ವಲ್ಪವೇ ಇದ್ದು, ಒಂದು ಚಮಚ ಒಣಹಿಟ್ಟು ಹಣ್ಣಿನ ಮೇಲ್ಮೈಯ ತೇವವನ್ನು ಹೀರಿ ಅದು ಜಾರದಂತೆ ಮಾಡುತ್ತದೆಯೇ ಹೊರತು ತೆಳುವಾದ ಹಿಟ್ಟಿನಲ್ಲಿ ಮುಳುಗುವ ಹಣ್ಣನ್ನು ತೇಲಿಸುವ ಶಕ್ತಿ ಅದಕ್ಕಿಲ್ಲ. ಹದವೇ ಮುಖ್ಯ, ಹೊರಳಿಸುವುದು ಪೂರಕ.

ಬಣ್ಣದ ವಿಷಯವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಈ ಹಣ್ಣುಗಳ ಕೆಂಪು ಮತ್ತು ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬ ವರ್ಣದ್ರವ್ಯವು ಹುಳಿಯಲ್ಲಿ ಕೆಂಪಾಗಿ ಉಳಿದು, ಕ್ಷಾರದಲ್ಲಿ ನೀಲಿ ಹಸಿರಿನ ಕಡೆಗೆ ತಿರುಗುತ್ತದೆ. ಅಡುಗೆ ಸೋಡಾ ಕ್ಷಾರವಾದ್ದರಿಂದ, ಅದನ್ನು ಮಟ್ಟಸ ಮಾಡುವಷ್ಟು ಹುಳಿ ಹಿಟ್ಟಿನಲ್ಲಿ ಇಲ್ಲದಿದ್ದರೆ ಹಣ್ಣಿನ ಸುತ್ತ ಬೂದು ಹಸಿರು ಬಣ್ಣದ ಬಳೆ ಕಾಣಿಸಿಕೊಳ್ಳುತ್ತದೆ. ಇದು ವಿಷವಲ್ಲ, ಆದರೆ ಕಣ್ಣಿಗೆ ಹಿತವೂ ಅಲ್ಲ. ಮೊಸರು ಹಾಕಿದ ಮೊಟ್ಟೆರಹಿತ ಕೇಕ್ ಈ ಕಾರಣಕ್ಕೆ ಬೆರಿಗಳಿಗೆ ಚೆನ್ನಾಗಿ ಒಗ್ಗುತ್ತದೆ: ಮೊಸರಿನ ಲ್ಯಾಕ್ಟಿಕ್ ಆಮ್ಲ ಸೋಡಾವನ್ನು ಬಳಸಿಕೊಂಡು ಅನಿಲವನ್ನೂ ಕೊಡುತ್ತದೆ, ಬಣ್ಣವನ್ನೂ ಕಾಯುತ್ತದೆ.

ಊರಿನ ಎತ್ತರ ಮತ್ತು ಪರದೇಶದ ಅಳತೆಗಳು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಇದರಿಂದ ಎರಡು ಪರಿಣಾಮಗಳಿವೆ. ಹಿಟ್ಟಿನೊಳಗಿನ ಅನಿಲದ ಗುಳ್ಳೆಗಳು ಸಮುದ್ರತೀರದ ಊರಿಗಿಂತ ಹೆಚ್ಚು ಹಿಗ್ಗುವುದರಿಂದ, ಹೊರದೇಶದ ಪಾಕವಿಧಾನದಲ್ಲಿ ಹೇಳಿದಷ್ಟೇ ಬೇಕಿಂಗ್ ಪೌಡರ್ ಹಾಕಿದರೆ ಕೇಕ್ ಬೇಗ ಉಬ್ಬಿ, ಗೂಡು ಗಟ್ಟಿಯಾಗುವ ಮುನ್ನವೇ ನಡುವೆ ಕುಸಿಯಬಹುದು. ಒಂದು ಚಮಚಕ್ಕೆ ಒಂದು ದೊಡ್ಡ ಚಿಟಿಕೆಯಷ್ಟು ಕಡಿಮೆ ಮಾಡಿದರೆ ಸಾಕು. ಎರಡನೆಯದಾಗಿ, ಕೇಕಿನ ನಡುಭಾಗ 98 ಅಥವಾ 99 ಡಿಗ್ರಿ ಮುಟ್ಟಬೇಕೆಂದು ಬರೆದ ಪುಸ್ತಕವನ್ನು ನಂಬಿ ಥರ್ಮಾಮೀಟರ್ ಚುಚ್ಚಿ ಕಾಯುವವರು ಕೇಕನ್ನು ಒಣಗಿಸಿಬಿಡುತ್ತಾರೆ, ಏಕೆಂದರೆ ತೇವವಿರುವ ಹಿಟ್ಟು ಈ ಊರಿನಲ್ಲಿ ಆ ಉಷ್ಣತೆಗೆ ಏರುವುದೇ ಇಲ್ಲ. ಇಲ್ಲಿ 94ರಿಂದ 95 ಡಿಗ್ರಿ ಬಂದರೆ ಬೆಂದಂತೆಯೇ.

ಬೇಕಾಗುವ ಸಾಮಗ್ರಿ

18 ಸೆಂಟಿಮೀಟರ್, ಅಂದರೆ 7 ಅಂಗುಲ ಅಗಲದ ದುಂಡನೆಯ ಟಿನ್ನಿಗೆ ಈ ಅಳತೆ ಸರಿಹೊಂದುತ್ತದೆ: ಮೈದಾ 180 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ, ಪುಡಿ ಸಕ್ಕರೆ 140 ಗ್ರಾಂ, ಗಟ್ಟಿ ಮೊಸರು 200 ಗ್ರಾಂ, ವಾಸನೆಯಿಲ್ಲದ ಅಡುಗೆ ಎಣ್ಣೆ 75 ಮಿಲಿಲೀಟರ್, ಬೇಕಿಂಗ್ ಪೌಡರ್ ಒಂದೂಕಾಲು ಟೀಚಮಚ, ಅಡುಗೆ ಸೋಡಾ ಕಾಲು ಟೀಚಮಚ, ಉಪ್ಪು ಒಂದು ಚಿಟಿಕೆ, ವೆನಿಲಾ ಎಸೆನ್ಸ್ ಒಂದು ಟೀಚಮಚ, ಒಂದು ನಿಂಬೆಹಣ್ಣಿನ ತುರಿದ ಹೊರಸಿಪ್ಪೆ, ಬೇಕೆನಿಸಿದರೆ ಹಾಲು ಎರಡು ದೊಡ್ಡ ಚಮಚ, ಹಣ್ಣು 150 ಗ್ರಾಂ, ಇದಕ್ಕಿಂತ ಹೆಚ್ಚಲ್ಲ.

ಕಾರ್ನ್‌ಫ್ಲೋರ್ ಬೆರೆಸುವುದರ ಉದ್ದೇಶವೆಂದರೆ ಗ್ಲುಟೆನ್ ಕಡಿಮೆ ಮಾಡುವುದು. ಮೈದಾಕ್ಕೆ ನೀರು ತಾಗಿ ನಾದಿದಾಗ ಹುಟ್ಟುವ ಎಳೆಎಳೆಯಾದ ಅಂಟಿಗೆ ಗ್ಲುಟೆನ್ ಎಂದು ಹೆಸರು. ಒಬ್ಬಟ್ಟಿನ ಕಣಕಕ್ಕೆ ಬೇಕಾದ ಜಿಗುಟನ್ನು ಕೊಡುವುದು ಅದೇ ಆಗಿದ್ದು, ಕೇಕಿನಲ್ಲಿ ಅದೇ ಗುಣ ದೋಷವಾಗುತ್ತದೆ. ಮೊಸರು ನೀರಾಗಿದ್ದರೆ 250 ಗ್ರಾಂ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ, ಬಸಿದ ಮೇಲೆ 200 ಗ್ರಾಂ ತೂಗಿಕೊಳ್ಳಬೇಕು. ಬೇಕಿಂಗ್ ಪೌಡರಿನ ಡಬ್ಬಿ ಹಳೆಯದಾಗಿದ್ದಲ್ಲಿ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಬೇಕು. ಸುರ್ರೆಂದು ನೊರೆ ಏಳದಿದ್ದರೆ ಅದನ್ನು ಬಳಸಬಾರದು.

ಮಾಡುವ ಕ್ರಮ

1. ಹಣ್ಣನ್ನು ತೊಳೆದು ಬಟ್ಟೆಯ ಮೇಲೆ ಹರಡಿ ಫ್ಯಾನಿನ ಗಾಳಿಗೆ ಅರ್ಧ ಗಂಟೆ ಆರಿಸಬೇಕು. ಸ್ಟ್ರಾಬೆರಿಯ ಹಸಿರು ತೊಟ್ಟನ್ನು ತೊಳೆದ ನಂತರವೇ ತೆಗೆಯಬೇಕು, ಮೊದಲೇ ತೆಗೆದರೆ ಆ ಗಾಯದ ಮೂಲಕ ನೀರು ಒಳಗೆ ಹೋಗುತ್ತದೆ. ಆರಿದ ಮೇಲೆ ಅವನ್ನು ಕಡಲೆಬೀಜದ ಗಾತ್ರಕ್ಕಿಂತ ತುಸು ದೊಡ್ಡದಾಗಿ ಹೆಚ್ಚಿ, ಹೆಚ್ಚಿದ ಬದಿಯನ್ನು ಟಿಶ್ಯೂ ಕಾಗದದಿಂದ ಒತ್ತಬೇಕು. ಹಿಪ್ಪುನೇರಳೆಯನ್ನು ಇಡಿಯಾಗಿಯೇ ಬಳಸಬಹುದು.

2. ಓವನ್ನನ್ನು 170 ಡಿಗ್ರಿಗೆ ಇಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ಕಂಬಿಗಳು ಕಾಯುವಂತೆ 15 ನಿಮಿಷ ಬಿಸಿ ಮಾಡಬೇಕು. ಟಿನ್ನಿಗೆ ಎಣ್ಣೆ ಸವರಿ ತಳಕ್ಕೆ ಬಟರ್ ಪೇಪರ್ ಹಾಕಿಡಬೇಕು. ಹಿಟ್ಟು ಕಲಸಿದ ಮೇಲೆ ಈ ಕೆಲಸಕ್ಕೆ ತೊಡಗಿದರೆ ಸೋಡಾದ ಅನಿಲ ಅಷ್ಟರಲ್ಲೇ ಹಾರಿಹೋಗಿರುತ್ತದೆ.

3. ಮೈದಾ, ಕಾರ್ನ್‌ಫ್ಲೋರ್, ಬೇಕಿಂಗ್ ಪೌಡರ್, ಸೋಡಾ ಮತ್ತು ಉಪ್ಪನ್ನು ಒಟ್ಟಿಗೆ ಎರಡು ಬಾರಿ ಜರಡಿ ಹಿಡಿಯಬೇಕು. ಸೋಡಾ ಒಂದೇ ಕಡೆ ಗಂಟಾಗಿ ಉಳಿದರೆ ಅಲ್ಲಿ ಕಹಿಯೂ, ಪಕ್ಕದ ಹಣ್ಣಿನಲ್ಲಿ ಹಸಿರು ಬಣ್ಣವೂ ಕಾಣಿಸುತ್ತದೆ.

4. ಬೇರೊಂದು ಪಾತ್ರೆಯಲ್ಲಿ ಮೊಸರು ಮತ್ತು ಸಕ್ಕರೆಯನ್ನು ನಯವಾಗುವವರೆಗೆ ಕಡೆದು, ಎಣ್ಣೆಯನ್ನು ಸಣ್ಣ ಧಾರೆಯಾಗಿ ಸೇರಿಸುತ್ತ, ಅದು ಬೇರೆಯಾಗಿ ತೇಲದೆ ಒಂದಾಗುವಂತೆ ಬೆರೆಸಿ, ಕೊನೆಗೆ ವೆನಿಲಾ ಮತ್ತು ನಿಂಬೆಸಿಪ್ಪೆಯನ್ನು ಹಾಕಬೇಕು. ಮೊಸರು ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲೇ ಹೊರಬಂದಿರಬೇಕು.

5. ಒಣಹಿಟ್ಟನ್ನು ಎರಡು ಕಂತಿನಲ್ಲಿ ಸೇರಿಸಿ, ಚಪ್ಪಟೆ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ಮಗುಚಬೇಕು. ಬಿಳಿ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಬೇಕು. ಸಣ್ಣಪುಟ್ಟ ಗಂಟುಗಳಿದ್ದರೆ ಬೇಯುವಾಗ ಕರಗುತ್ತವೆ. ಹಿಟ್ಟು ಚಮಚದಿಂದ ಬೀಳಲೊಲ್ಲದಷ್ಟು ಬಿಗಿಯಾಗಿದ್ದರೆ ಮಾತ್ರ ಹಾಲು ಸೇರಿಸಬೇಕು.

6. ಹಿಟ್ಟಿನ ಮೂರರಲ್ಲೊಂದು ಭಾಗವನ್ನು ಹಣ್ಣಿಲ್ಲದೆ ಟಿನ್ನಿನ ತಳಕ್ಕೆ ಹರಡಬೇಕು. ಹಣ್ಣಿಗೆ ಒಂದು ಚಮಚ ಮೈದಾ ಹೊರಳಿಸಿ, ಮುಕ್ಕಾಲು ಪಾಲನ್ನು ಉಳಿದ ಹಿಟ್ಟಿನಲ್ಲಿ ನಾಲ್ಕೈದು ಮಗುಚಿನಲ್ಲಿ ಬೆರೆಸಿ ಮೇಲೆ ಸುರಿದು, ಮಿಕ್ಕಿದ ಹಣ್ಣನ್ನು ಮೇಲ್ಮೈಯಲ್ಲಿ ಬಿಡಿಬಿಡಿಯಾಗಿ ಇಡಬೇಕು. ತಳದಲ್ಲಿರುವ ಹಣ್ಣಿಲ್ಲದ ಪದರವೇ ಈ ಕೇಕಿನ ರಕ್ಷಾಕವಚ. ಹಣ್ಣು ಸ್ವಲ್ಪ ಇಳಿದರೂ ಕೇಕಿನ ನಡುವೆಯೇ ನಿಲ್ಲುತ್ತದೆ, ತಳ ಒಣಗಿಯೇ ಇರುತ್ತದೆ.

7. ಟಿನ್ನನ್ನು ನಡುವಿನ ಹಂತದಲ್ಲಿಟ್ಟು 45ರಿಂದ 55 ನಿಮಿಷ ಬೇಯಿಸಬೇಕು. ಮೊದಲ 30 ನಿಮಿಷ ಬಾಗಿಲು ತೆರೆಯಬಾರದು. ಆಮೇಲೆ ಕಡ್ಡಿ ಚುಚ್ಚಿ ನೋಡುವಾಗ ಅದು ಹಣ್ಣಿನ ತುಂಡನ್ನು ಹಾದುಬಂದರೆ ಕೆಂಪಗೆ ಒದ್ದೆಯಾಗಿರುವುದು ಸಹಜ, ಅದನ್ನು ಹಸಿಹಿಟ್ಟೆಂದು ತಪ್ಪಾಗಿ ತಿಳಿಯದೆ ಇನ್ನೊಂದು ಕಡೆ ಚುಚ್ಚಬೇಕು. ಮೇಲ್ಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತಗ್ಗು ಉಳಿಯದೆ ಮತ್ತೆ ಮೇಲೆದ್ದರೆ, ಅಂಚು ಟಿನ್ನಿನಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೆ, ಕೇಕ್ ಆಗಿದೆ.

ಮೊಟ್ಟೆ ಬಳಸುವವರು ಮೊಸರನ್ನು 100 ಗ್ರಾಂಗೆ ಇಳಿಸಿ, ಎರಡು ಮೊಟ್ಟೆಗಳನ್ನು ಸಕ್ಕರೆಯೊಂದಿಗೆ ಕಡೆದು ಸೇರಿಸಿ, ಸೋಡಾವನ್ನು ಪೂರ್ತಿಯಾಗಿ ಬಿಡಬಹುದು.

ಓವನ್ ಇಲ್ಲದ ಮನೆಯಲ್ಲಿ

ದಪ್ಪ ತಳದ ಹಳೆಯ ಬಾಣಲೆಯನ್ನೋ ದೊಡ್ಡ ಪಾತ್ರೆಯನ್ನೋ ತೆಗೆದುಕೊಂಡು, ತಳದಲ್ಲಿ ಒಂದು ಅಂಗುಲ ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಹಾಕಿ ಮಧ್ಯಮ ಉರಿಯಲ್ಲಿ 10 ನಿಮಿಷ ಕಾಯಿಸಿ, ಅನಂತರ ಟಿನ್ನನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಬಹುದು. ಉಪ್ಪು ಇಲ್ಲಿ ರುಚಿಗಾಗಿ ಅಲ್ಲ, ಉರಿಯ ಏರಿಳಿತ ನೇರವಾಗಿ ಟಿನ್ನಿಗೆ ತಾಗದಂತೆ ತಡೆದು ಬಿಸಿಯನ್ನು ಸಮವಾಗಿ ಹಂಚುವುದಕ್ಕಾಗಿ. ಬೆರಿ ಕೇಕಿಗೆ ಈ ವಿಧಾನದಲ್ಲಿ ಒಂದು ವಿಶೇಷ ಎಚ್ಚರ ಬೇಕು: ಹಣ್ಣಿನಿಂದೆದ್ದ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೇಕಿನ ಮೇಲೆ ಬೀಳುವುದರಿಂದ, ಇಡ್ಲಿ ಬೇಯಿಸುವಾಗ ಕೆಲವರು ಮಾಡುವಂತೆ ಮುಚ್ಚಳಕ್ಕೆ ಒಳಗಿನಿಂದ ಬಟ್ಟೆ ಕಟ್ಟಬೇಕು, ಬಟ್ಟೆಯ ತುದಿಗಳನ್ನು ಉರಿಗೆ ತಾಗದಂತೆ ಮೇಲಕ್ಕೆ ಮಡಿಚಿ ಗಂಟು ಹಾಕಬೇಕು. ಇದಕ್ಕೆ ದಿನಬಳಕೆಯ ಪ್ರೆಶರ್ ಕುಕ್ಕರನ್ನು ಬಳಸದಿರುವುದೇ ಮೇಲು, ನೀರಿಲ್ಲದೆ ಕಾದರೆ ಅದರ ತಳ ಹಾಳಾಗುತ್ತದೆ. ಬೇರೆ ಪಾತ್ರೆಯಿಲ್ಲದೆ ಬಳಸುವುದೇ ಆದರೆ ಗ್ಯಾಸ್ಕೆಟ್ ಮತ್ತು ವಿಸಲ್ ಎರಡನ್ನೂ ತೆಗೆದಿರಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಣ್ಣಿಗೆ ಮೊದಲೇ ಸಕ್ಕರೆ ಬೆರೆಸಿಡುವುದು ಇವುಗಳಲ್ಲಿ ಮೊದಲನೆಯದು. ಕೋಸಂಬರಿಗೆ ಉಪ್ಪನ್ನು ಬೇಗ ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟು ತಟ್ಟೆಯೆಲ್ಲ ಒದ್ದೆಯಾಗುವಂತೆ, ಸಕ್ಕರೆ ತಾಗಿದ ಸ್ಟ್ರಾಬೆರಿಯೂ ಹತ್ತೇ ನಿಮಿಷದಲ್ಲಿ ರಸ ಬಿಡುತ್ತದೆ. ಹಣ್ಣು ಹುಳಿಯಾಗಿದ್ದರೆ ಸಿಹಿಯನ್ನು ಹಿಟ್ಟಿಗೆ ಹೆಚ್ಚಿಸಬೇಕೇ ಹೊರತು ಹಣ್ಣಿಗಲ್ಲ.

ಹಣ್ಣು ಹೆಚ್ಚಾದಷ್ಟೂ ಕೇಕ್ ಚೆನ್ನಾಗಿರುತ್ತದೆಂದು ಭಾವಿಸಿ 200 ಗ್ರಾಂ ಡಬ್ಬಿಯನ್ನು ಪೂರ್ತಿಯಾಗಿ ಸುರಿಯುವುದು ಎರಡನೆಯದು. ಉಳಿದ 50 ಗ್ರಾಂ ಹಣ್ಣನ್ನು ಒಂದು ಚಮಚ ಸಕ್ಕರೆಯೊಂದಿಗೆ ಸಣ್ಣ ಉರಿಯಲ್ಲಿ ಗೊಜ್ಜಿನ ಹದಕ್ಕೆ ಇಳಿಸಿ ಬಡಿಸುವಾಗ ಮೇಲೆ ಹಾಕಿದರೆ ಆಸೆಯೂ ತೀರುತ್ತದೆ, ಕೇಕೂ ಉಳಿಯುತ್ತದೆ.

ಫ್ರೀಜರಿನಲ್ಲಿ ಸಿಗುವ ಬ್ಲೂಬೆರಿಯನ್ನು ಕರಗಿಸಿ ಹಾಕುವುದು ಮೂರನೆಯದು. ಹೆಪ್ಪುಗಟ್ಟುವಾಗಲೇ ಅದರ ಕೋಶಗಳು ಒಡೆದಿರುವುದರಿಂದ ಕರಗಿದೊಡನೆ ಹಿಟ್ಟೆಲ್ಲ ನೀಲಿಯಾಗುತ್ತದೆ; ಗಟ್ಟಿಯಾಗಿರುವಾಗಲೇ ಮೈದಾ ಹೊರಳಿಸಿ ಬೆರೆಸಿ, ಐದಾರು ನಿಮಿಷ ಹೆಚ್ಚು ಬೇಯಿಸಬೇಕು.

ಎಚ್ಚರಿಕೆಗಳು

ಓಟಿಜಿ ಓವನ್ನುಗಳು ಸಾಮಾನ್ಯವಾಗಿ 1,200 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ವಿದ್ಯುತ್ ಎಳೆಯುವುದರಿಂದ ಅವನ್ನು ಮಿಕ್ಸಿಗೆ ಬಳಸುವ ಸಣ್ಣ ಸಾಕೆಟ್ಟಿಗೆ ಸಿಕ್ಕಿಸದೆ ಗೀಸರಿಗೆ ಬಳಸುವಂಥ 16 ಆಂಪಿಯರ್ ಸಾಕೆಟ್ಟಿಗೆ ಜೋಡಿಸಬೇಕು. ದೀಪ, ಫ್ಯಾನುಗಳಿಗೆಂದು ಹಾಕಿಸಿದ ಮನೆಯ ಯುಪಿಎಸ್ ಈ ಭಾರ ತಡೆಯುವುದಿಲ್ಲವಾದ್ದರಿಂದ, ನಡುವೆ ಕರೆಂಟ್ ಹೋದರೆ ಬಾಗಿಲು ತೆರೆಯದೆ ಕಾಯುವುದೊಂದೇ ದಾರಿ. ಓವನ್ನಿನೊಳಗಿನ ಬಿಸಿ ಹತ್ತು ನಿಮಿಷದ ಮಟ್ಟಿಗೆ ಕೇಕನ್ನು ಕಾಪಾಡುತ್ತದೆ. ಮೈಕ್ರೊವೇವ್ ಬಳಸುವವರು ಲೋಹದ ಟಿನ್ನನ್ನು ಕನ್ವೆಕ್ಷನ್ ವಿಧಾನದಲ್ಲಿ ಮಾತ್ರ ಇಡಬೇಕು.

ರೇಷ್ಮೆ ತೋಟದಿಂದ ಹಿಪ್ಪುನೇರಳೆ ಹಣ್ಣು ತರುವವರು ರೈತರನ್ನು ಕೇಳದೆ ಕೀಳಬಾರದು. ಅನುಮತಿಯ ಮಾತು ಒಂದಾದರೆ, ಇತ್ತೀಚೆಗೆ ಔಷಧಿ ಹೊಡೆದಿದೆಯೇ ಎಂಬುದು ಇನ್ನೊಂದು, ಅದನ್ನು ಅವರಷ್ಟೇ ಹೇಳಬಲ್ಲರು.

ಬೆಂದ ಮೇಲೆ

ಕೇಕನ್ನು ಟಿನ್ನಿನಲ್ಲೇ 15 ನಿಮಿಷ ಬಿಟ್ಟು, ನಂತರ ಜಾಲರಿಯ ಮೇಲೆ ಮಗುಚಿ ಕನಿಷ್ಠ ಒಂದು ಗಂಟೆ ಆರಿಸಬೇಕು. ಬಿಸಿಯಿರುವಾಗ ಹಣ್ಣಿನ ರಸ ಇನ್ನೂ ತೆಳ್ಳಗಿದ್ದು, ಕತ್ತರಿಸಿದರೆ ಹೊರಗೆ ಹರಿಯುತ್ತದೆ. ಆರುತ್ತ ಅದು ಸುತ್ತಲಿನ ಗೂಡಿಗೆ ಇಳಿದು ನಿಲ್ಲುತ್ತದೆ. ಟೂಟಿ ಫ್ರೂಟಿ ಹಾಕಿದ ಕೇಕಿನಂತೆ ಇದನ್ನು ವಾರಗಟ್ಟಲೆ ಡಬ್ಬಿಯಲ್ಲಿಡಲಾಗದು. ಹೊರಗೆ ಒಂದು ದಿನ, ಫ್ರಿಜ್ಜಿನಲ್ಲಿ ಮೂರು ದಿನ ಇದರ ಆಯುಸ್ಸು, ಬೇಸಿಗೆಯಲ್ಲಿ ಒಂದು ರಾತ್ರಿಯೂ ಹೊರಗಿಡದಿರುವುದು ಒಳ್ಳೆಯದು. ಹಣ್ಣು ಹೇರಳವಾಗಿ ಸಿಕ್ಕ ವಾರದಲ್ಲಿ ಅದನ್ನು ತೊಳೆದು, ಆರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು, ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿ 150 ಗ್ರಾಂ ಲೆಕ್ಕದಲ್ಲಿ ಕಟ್ಟಿಟ್ಟುಕೊಂಡರೆ, ಮಾರ್ಚಿನ ಹಿಪ್ಪುನೇರಳೆ ಆಗಸ್ಟಿನ ಮಳೆಯ ಸಂಜೆಗೂ ಒದಗುತ್ತದೆ.